ಮೂರು ಸಂಸಾರದ ಕಂಪ್ಯೂಟರು ಮತ್ತು ಬಸ್‌ಸ್ಟ್ಯಾಂಡಿನ ಬಂಗಡೆ

ನಮ್ಮ ಮನೆಯ ಕಂಪ್ಯೂಟರಿನ ಗುಂಡಿ ಒತ್ತಿದ ಕೂಡಲೇ ಅದು ಕೆಲಸಕ್ಕೆ ಹೊರಡುವುದಿಲ್ಲ. ಮೊದಲು ಕೆಮ್ಮುತ್ತದೆ. ಆಮೇಲೆ ಒಳಗಿನ ಫ್ಯಾನು ಗಿರ್ರೆಂದು ತಿರುಗಿ ಅಕ್ಕಪಕ್ಕದವರಿಗೆಲ್ಲ ಮಾಸ್ತರು ಕೂತರು ಎಂದು ಸಾರುತ್ತದೆ. ಕೊನೆಗೆ ಕಪ್ಪು ಪರದೆಯ ಮೇಲೆ ಮೂರು ಹೆಸರು ಕಾಣಿಸುತ್ತವೆ: ಹಳೇ ವಿಂಡೋಸ್, ಹೊಸ ವಿಂಡೋಸ್, ಲಿನಕ್ಸ್. ಕೆಳಗೆ ಹತ್ತು, ಒಂಬತ್ತು, ಎಂಟು ಎಂದು ಎಣಿಕೆ ಇಳಿಯತೊಡಗುತ್ತದೆ. ಅಷ್ಟರೊಳಗೆ ಮೂರರಲ್ಲಿ ಒಂದನ್ನು ಆರಿಸಬೇಕು. ಆರಿಸದಿದ್ದರೆ ಅದೇ ತನಗೆ ಬೇಕಾದದ್ದನ್ನು ಆರಿಸಿಕೊಂಡು ಮುಂದೆ ಹೋಗುತ್ತದೆ. ನನ್ನ ಅಭಿಪ್ರಾಯ ಏನೆಂದು ಪೂರ್ತಿ ಹತ್ತು ಸೆಕೆಂಡು ಕಾದು ಕೇಳುವುದು ನಮ್ಮ ಮನೆಯಲ್ಲಿ ಇದೊಂದೇ ಆದ್ದರಿಂದ, ನಾನು ಎಷ್ಟೋ ಸಲ ಏನನ್ನೂ ಒತ್ತದೆ ಆ ಗೌರವವನ್ನು ಸುಮ್ಮನೆ ಅನುಭವಿಸುತ್ತ ಕೂರುತ್ತೇನೆ.

ಒಂದು ಮುದಿ ಕಂಪ್ಯೂಟರಿನ ಹೊಟ್ಟೆಯಲ್ಲಿ ಮೂರು ಸಂಸಾರ ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದ್ದಳು. ಅವಳಿಗೆ ಕೊಟ್ಟದ್ದಕ್ಕಿಂತ ಸ್ವಲ್ಪ ಹೆಚ್ಚು ಪ್ರಾಮಾಣಿಕವಾದ ಉತ್ತರವನ್ನು ನಿಮಗೆ ಕೊಡುತ್ತೇನೆ.

ನಾನು ಕುಮಟೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಮನೆ ಹೊನ್ನಾವರದಲ್ಲಿ, ಶರಾವತಿ ಸೇತುವೆ ದಾಟಿದ ಮೇಲೆ ಸಿಗುವ ಕಾಸರಕೋಡಿನಲ್ಲಿ. ಒಂದೇ ಅಂಗಳದ ಆಚೆ ಬದಿ ಅಣ್ಣನ ಮನೆ, ಈಚೆ ಬದಿ ನನ್ನದು. ಅಣ್ಣ ತಾಂಡೇಲ, ಎಂದರೆ ಮೀನು ಬೋಟಿನ ಯಜಮಾನ ಮತ್ತು ಚಾಲಕ ಎರಡೂ. ಶಾಲೆಯ ಕೆಲಸಕ್ಕೆ ಹೊಸ ವಿಂಡೋಸ್ ಬೇಕು. ಮಕ್ಕಳ ಹಾಜರಿ, ಅಂಕ, ಬಿಸಿಯೂಟ ಎಲ್ಲವನ್ನೂ ತುಂಬಬೇಕಾದ ಜಾಲತಾಣ ಹಳತರಲ್ಲಿ ತೆರೆಯುವುದೇ ಇಲ್ಲ. ಆದರೆ ಹೊಸದು ಈ ಯಂತ್ರದಲ್ಲಿ ಎದ್ದು ಮುಖ ತೊಳೆಯುವಷ್ಟರಲ್ಲಿ ಕುಚ್ಚಲಕ್ಕಿ ಗಂಜಿ ಬೆಂದಿರುತ್ತದೆ. ಹಾಗಾದರೆ ಯಂತ್ರವನ್ನೇ ಬದಲಿಸಬಾರದೇ? ಬದಲಿಸುವಂತಿಲ್ಲ. ಇದರ ಬೆನ್ನಿನಲ್ಲಿ ಒಂಬತ್ತು ಮೊಳೆಯ ಒಂದು ಹಳೆ ಸಾಕೆಟ್ಟಿದೆ. ಅಣ್ಣನ ಬೋಟಿನ ಜಿಪಿಎಸ್ ಪೆಟ್ಟಿಗೆಯ ಕೇಬಲ್ಲು ಅದಕ್ಕೆ ಮಾತ್ರ ಕೂರುತ್ತದೆ, ಅದನ್ನು ಮಾತಾಡಿಸುವ ತಂತ್ರಾಂಶ ಹಳೇ ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆ. ಈಗಿನ ಕಂಪ್ಯೂಟರುಗಳಿಗೆ ಅಂಥ ಸಾಕೆಟ್ಟು ಇಡುವ ಪದ್ಧತಿಯೇ ನಿಂತುಹೋಗಿದೆ.

ಹೀಗೆ ಎರಡು ಸಂಸಾರ ಅನಿವಾರ್ಯವಾಗಿ ಬಂದವು. ಮೂರನೆಯದು ಬಂದದ್ದು ಶುದ್ಧ ಒಣ ಪ್ರತಿಷ್ಠೆಯಿಂದ. ನಮ್ಮ ಶಾಲೆಯ ವಿಜ್ಞಾನದ ಮಾಸ್ತರರು ಒಂದು ದಿನ ಊಟದ ಹೊತ್ತಿಗೆ, "ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ನೋಡಿ, ಹರೆಯದ ಹೋರಿ ಹಾಗೆ ಓಡ್ತದೆ. ಆದ್ರೆ ಅದು ಕನ್ನಡ ಮಾಸ್ತರ್ರ ಕೈಲಿ ಆಗೂ ಕೆಲ್ಸ ಅಲ್ಲ ಬಿಡಿ" ಎಂದರು. ಎರಡನೆಯ ವಾಕ್ಯ ಹೇಳದಿದ್ದರೆ ನಾನು ಮೊದಲನೆಯದನ್ನು ಅಲ್ಲೇ ಮರೆತುಬಿಡುತ್ತಿದ್ದೆ.

ಅಣ್ಣನ ಪೆಟ್ಟಿಗೆಯ ವಿಷಯ ಹೇಳಬೇಕು, ಯಾಕೆಂದರೆ ಕಥೆ ಇರುವುದೇ ಅದರಲ್ಲಿ. ಸಮುದ್ರ ಮೇಲಿನಿಂದ ಎಲ್ಲ ಕಡೆಯೂ ಒಂದೇ ಥರ ಕಂಡರೂ ಕೆಳಗೆ ಹಾಗಿಲ್ಲ. ಒಂದು ಕಡೆ ಬಂಗಡೆ ಮೀನು ಗುಂಪು ಕಟ್ಟುತ್ತದೆ, ಇನ್ನೊಂದು ಕಡೆ ಬಲೆಯನ್ನು ಹರಿದು ಚಿಂದಿ ಮಾಡುವ ಕಲ್ಲು ಇರುತ್ತದೆ. ಯಾವುದು ಎಲ್ಲಿ ಎಂಬುದನ್ನು ತಾಂಡೇಲನಾದವನು ವರ್ಷಗಟ್ಟಲೆ ಬಲೆ ಹರಿದುಕೊಂಡು ಕಲಿಯುತ್ತಾನೆ. ಕಲಿತದ್ದನ್ನು ಈಗ ಜಿಪಿಎಸ್ ಪೆಟ್ಟಿಗೆಯಲ್ಲಿ ಅಂಕೆಗಳಾಗಿ ಇಡುತ್ತಾರೆ, ಅದಕ್ಕೆ ಪಾಯಿಂಟು ಎನ್ನುತ್ತಾರೆ. ಒಂದೊಂದು ಪಾಯಿಂಟಿಗೂ ಎರಡು ಅಂಕೆ. ಒಂದು ಉತ್ತರಕ್ಕೆ ಎಷ್ಟು ಎಂದು ಹೇಳುತ್ತದೆ, ಇನ್ನೊಂದು ಪೂರ್ವಕ್ಕೆ ಎಷ್ಟು ಎಂದು. ಅಣ್ಣನ ಹತ್ತಿರ ಅಂಥ ಅರವತ್ತು ಚಿಲ್ಲರೆ ಪಾಯಿಂಟುಗಳಿವೆ. ಮನೆ, ಅಂಗಳ, ಬೋಟು ಎಲ್ಲವನ್ನೂ ತಕ್ಕಡಿಯ ಒಂದು ತಟ್ಟೆಗೆ ಹಾಕಿ ಇವನ್ನು ಇನ್ನೊಂದಕ್ಕೆ ಹಾಕಿದರೆ ಅಣ್ಣ ಯಾವ ತಟ್ಟೆಯ ಕಡೆ ಓಡುತ್ತಾನೆ ಎಂಬುದು ಅತ್ತಿಗೆಗೂ ಗೊತ್ತು. ತಾನು ಯಾವ ತಟ್ಟೆಯಲ್ಲಿದ್ದೇನೆ ಎಂಬುದು ಮಾತ್ರ ಅವಳಿಗೆ ಇನ್ನೂ ಖಚಿತವಿಲ್ಲ.

ಇಂಥ ಸಂಗತಿಯನ್ನು ಯಾರೂ ಯಾರಿಗೂ ಹೇಳುವುದಿಲ್ಲ. ನಮ್ಮ ದಂಡೆಯಲ್ಲಿ ಹೊರಟ ದೋಣಿಯನ್ನು ಎಲ್ಲಿಗೆ ಎಂದು ಕೇಳಬಾರದು, ಅದು ಅಪಶಕುನ. ಬಂದ ದೋಣಿಯನ್ನು ಎಲ್ಲಿಂದ ಎಂದು ಕೇಳಬಹುದು, ಆದರೆ ಉತ್ತರವನ್ನು ನಂಬಬಾರದು. ಹಲಗೆ ಮುಳುಗುವಷ್ಟು ಮೀನು ತುಂಬಿಕೊಂಡು ಬಂದವನೂ "ಎಂತ ಇಲ್ಲ ಮಾರಾಯಾ, ಬರೇ ಕಸ" ಎನ್ನಬೇಕು. ಉತ್ತರಕ್ಕೆ ಹೋದವನು ದಕ್ಷಿಣಕ್ಕೆ ಕೈ ತೋರಿಸಬೇಕು. ಇದನ್ನು ಯಾರೂ ಸುಳ್ಳು ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಊಟಕ್ಕೆ ಕರೆದಾಗ ಹಸಿವಿದ್ದರೂ "ಈಗಷ್ಟೇ ಆತು" ಎನ್ನುವುದಿಲ್ಲವೇ, ಹಾಗೆ ಇದೊಂದು ಮರ್ಯಾದೆ.

ಈ ಮರ್ಯಾದೆಯನ್ನು ನಮ್ಮ ಮನೆತನದಲ್ಲಿ ಮೊಟ್ಟಮೊದಲು ಮುರಿದವನು ನಾನು. ಆಗ ನನಗೆ ಎಂಟು ವರ್ಷ. ಅಜ್ಜನ ದೋಣಿ ಒಂದು ಬೆಳಿಗ್ಗೆ ಬಂಗಡೆ ಹೇರಿಕೊಂಡು ಬಂದಿತ್ತು. ಅಜ್ಜ ಎಂದಿನಂತೆ ಮುಖ ಸಣ್ಣಗೆ ಮಾಡಿಕೊಂಡು ಕಸ, ಕಸ ಎನ್ನುತ್ತಿದ್ದರು. ದಂಡೆಯ ಮೇಲೆ ಒಬ್ಬರು ನನ್ನ ಗಲ್ಲ ಹಿಂಡಿ, "ಎಲ್ಲಿ ಬಿಟ್ಟಿದ್ರಾ ನಿಮ್ಮಜ್ಜ ಬಲೆ?" ಎಂದು ಕೇಳಿದರು. ಆ ವಾರವಷ್ಟೇ ಶಾಲೆಯಲ್ಲಿ ಅಕ್ಕೋರು ಸದಾ ನಿಜವನ್ನೇ ಹೇಳಬೇಕೆಂದು ನಮ್ಮಿಂದ ಹತ್ತು ಸಲ ಬರೆಸಿದ್ದರು. ಕಲಿತದ್ದು ದಂಡವಾಗಬಾರದೆಂದು ನಾನು, "ಬಸವರಾಜದುರ್ಗದ ಬೆನ್ನಿಗೆ, ಕಪ್ಪು ಕಲ್ಲಿನ ಈಚೆ" ಎಂದು ಸ್ಪಷ್ಟವಾಗಿ ಹೇಳಿದೆ. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಅಜ್ಜ ಅಪ್ಪನಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು.

ಮರುದಿನ ಆ ದುರ್ಗದ ನಡುಗಡ್ಡೆಯ ಬೆನ್ನಿಗೆ ಅಜ್ಜನಿಗಿಂತ ಮೊದಲೇ ಹನ್ನೊಂದು ದೋಣಿಗಳು ನಿಂತಿದ್ದವು. ಅಜ್ಜ ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎಂಟು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಒಂಬತ್ತನೆಯ ದಿನ ಅಪ್ಪನನ್ನು ಕರೆದು, "ಇವ ದೋಣಿಗೆ ಆಗುವವ ಅಲ್ಲ. ಶಾಲೆಗೇ ಕಳ್ಸು" ಎಂದು ತೀರ್ಪು ಕೊಟ್ಟರು. ಹೀಗೆ ನಾನು ಮಾಸ್ತರನಾದೆ. ನಮ್ಮ ಶಾಲೆಯ ಸಮಾರಂಭಗಳಲ್ಲಿ ಬಾಲ್ಯದಿಂದಲೂ ವಿದ್ಯೆಯಲ್ಲಿ ಆಸಕ್ತಿ ಎಂದು ನನ್ನ ಪರಿಚಯ ಮಾಡುವವರಿಗೆ ಇದನ್ನು ನಾನು ಹೇಳಿಲ್ಲ.

ಅಂದಿನಿಂದ ಮನೆಯಲ್ಲಿ ಸಮುದ್ರದ ಮಾತು ಬಂದರೆ ನಾನು ಒಳಗೆ ಬಂದ ಕೂಡಲೇ ಅದು ತೆಂಗಿನಕಾಯಿಯ ಮಾತಾಗುತ್ತಿತ್ತು. ಅಜ್ಜ ಹೋದರು, ಅಪ್ಪ ಹೋದರು, ಪದ್ಧತಿ ಮಾತ್ರ ಉಳಿಯಿತು. ಆದ್ದರಿಂದಲೇ, ಕೆಲವು ವರ್ಷಗಳ ಹಿಂದೆ ಒಂದು ಜೂನ್ ತಿಂಗಳಲ್ಲಿ ಅಣ್ಣ ಅತ್ತಿಗೆಯ ಹಳೆ ಸೀರೆಯಲ್ಲಿ ಆ ಪೆಟ್ಟಿಗೆಯನ್ನು ಬಾಣಂತಿ ಮನೆಯ ಕೂಸಿನಂತೆ ಸುತ್ತಿಕೊಂಡು ಬಂದು, "ತಮಾ, ಈ ಡಬ್ಬಿಯ ಪಾಯಿಂಟೆಲ್ಲ ನಿನ್ನ ಕಂಪ್ಯೂಟರಿಗೆ ಇಳ್ಸಿ ಇಡು. ಕಣ್ಣು ಮುಚ್ಚಿ ಇಳ್ಸು" ಎಂದಾಗ ನಾನು ಕೈ ತೊಳೆದುಕೊಂಡು ಬಂದು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡೆ. ಮಳೆಗಾಲದ ಎರಡು ತಿಂಗಳು ಮೀನುಗಾರಿಕೆ ಬಂದ್. ಬೋಟು ದಡದಲ್ಲಿ ಮಲಗಿರುವಾಗ ಪೆಟ್ಟಿಗೆ ಕೆಟ್ಟರೆ ಎಂದು ಅವನಿಗೆ ಹೆದರಿಕೆ. ಕಾರಣ ಏನೇ ಇರಲಿ, ಹತ್ತಿರ ಹತ್ತಿರ ನಲವತ್ತು ವರ್ಷಗಳ ಮೇಲೆ ಮೊದಲ ಸಲ ನಮ್ಮವರು ನನ್ನ ಕೈಗೆ ಒಂದು ಗುಟ್ಟು ಕೊಟ್ಟಿದ್ದರು. ನಾನು ನಿಜವಾಗಿಯೂ ಕಣ್ಣು ಮುಚ್ಚಿಯೇ ಇಳಿಸಿದೆ. ಆಮೇಲೆ ಪ್ರತಿ ವರ್ಷವೂ ಹಾಗೆಯೇ ಮಾಡುತ್ತ ಬಂದೆ. ಒಂದು ಅಂಕೆಯನ್ನೂ ಓದಲಿಲ್ಲ.

ಕಳೆದ ಮಳೆಗಾಲದಲ್ಲಿ ಅಣ್ಣ ಹೆದರಿದ್ದು ಆಗಿಯೇ ಹೋಯಿತು. ಪೆಟ್ಟಿಗೆಯ ಪರದೆ ಮಂಕಾಗಿದೆ ಎಂದು ರಿಪೇರಿಗೆ ಕೊಟ್ಟಿದ್ದ. ಬ್ಯಾಟರಿ ತೆಗೆದು ಹಾಕುವಾಗ ಒಳಗಿದ್ದದ್ದೆಲ್ಲ ಅಳಿಸಿಹೋಯಿತು.

"ಡಬ್ಬಿ ಹೊಟ್ಟೆ ಖಾಲಿ ಆತಂತೆ," ಎಂದ ಅಣ್ಣ ನಮ್ಮ ಜಗಲಿಯಲ್ಲಿ ಕೂತು ಚಾ ಕುಡಿಯುತ್ತ. "ಹೋಗ್ಲಿ. ನಿನ್ನ ಹತ್ರ ಉಂಟಲ."

"ಉಂಟು ಅಣ್ಣಾ," ಎಂದೆ. ಹೇಳುವಾಗ ಎದೆ ಎರಡು ಇಂಚು ಉಬ್ಬಿದ್ದು ನಿಜ.

ಇದಾಗಿ ಸರಿಯಾಗಿ ನಾಲ್ಕು ದಿನಕ್ಕೆ, ಒಂದು ಭಾನುವಾರ ಬೆಳಿಗ್ಗೆ, ವಿಜ್ಞಾನದ ಮಾಸ್ತರರ ಮಾತು ನೆನಪಾಗಿ ನಾನು ಲಿನಕ್ಸ್ ಹಾಕಲು ಕೂತೆ. ದೇವರಿಗೆ ದೀಪ ಹಚ್ಚಿದೆ, ಪೆನ್‌ಡ್ರೈವ್ ಚುಚ್ಚಿದೆ. ಒಂದು ಕಂಪ್ಯೂಟರಿನಲ್ಲಿ ಹಲವು ಸಂಸಾರ ಹೂಡಬೇಕಾದರೆ ಒಳಗಿನ ಡಿಸ್ಕನ್ನು ಪಾಲು ಮಾಡಬೇಕು, ಒಂದೊಂದು ಪಾಲಿನಲ್ಲಿ ಒಬ್ಬೊಬ್ಬರನ್ನು ಕೂರಿಸಬೇಕು. ನನ್ನ ಡಿಸ್ಕಿನಲ್ಲಿ ಆಗಲೇ ನಾಲ್ಕು ಪಾಲುಗಳಿದ್ದವು. ಹಳೇ ವಿಂಡೋಸಿಗೆ ಒಂದು, ಹೊಸತಕ್ಕೆ ಒಂದು, ಅಣ್ಣನ ಪಾಯಿಂಟುಗಳಿದ್ದದ್ದು ಒಂದು, ಖಾಲಿ ಒಂದು. ವಿಂಡೋಸಿನಲ್ಲಿ ಇವಕ್ಕೆ ಸಿ, ಡಿ, ಇ ಎಂದು ಮರ್ಯಾದೆಯ ಹೆಸರುಗಳು. ಲಿನಕ್ಸು ಮಾತ್ರ ಎಲ್ಲರ ಹೆಸರನ್ನೂ ಕಿತ್ತುಹಾಕಿ ಜೈಲಿನಲ್ಲಿ ಕೊಡುವಂಥ ನಂಬರು ಕೊಟ್ಟು ಸಾಲಾಗಿ ನಿಲ್ಲಿಸಿತ್ತು. ಯಾರು ಯಾರೆಂದು ಗುರುತಿಸಲು ನಾನು ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಗಂಡಸಿಗೆ ಒಂದು ಅಂದಾಜು ಎಂಬುದು ಇರಬೇಕಲ್ಲ ಎಂದುಕೊಂಡು ಮೂರನೆಯದನ್ನು ಒತ್ತಿದೆ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಒಪ್ಪಿಗೆಯೇ ಎಂದು ಕೇಳಿತು. ಖಾಲಿ ಜಾಗದಲ್ಲಿ ಅಳಿಸುವುದೇನು ಮಣ್ಣು ಎಂದು ಒಪ್ಪಿಗೆ ಕೊಟ್ಟೆ.

ಪರದೆಯ ಮೇಲೆ ನೀಲಿ ಗೆರೆ ಮುಂದೆ ಹೋಗತೊಡಗಿದಾಗ, ಆ ಪಾಲಿನ ಅಳತೆ ಎಲ್ಲೋ ನೋಡಿದಂತಿದೆಯಲ್ಲ ಅನಿಸಿತು. ಅನಿಸಿದ್ದೇ ತಡ, ಹಾರಿಹೋಗಿ ಗೋಡೆಯ ಪ್ಲಗ್ಗನ್ನೇ ಕಿತ್ತೆ. ಕಂಪ್ಯೂಟರು ಒಮ್ಮೆ ಬಿಕ್ಕಿ ಸುಮ್ಮನಾಯಿತು. ಕೈಯಲ್ಲಿ ಪ್ಲಗ್ಗು ಹಿಡಿದುಕೊಂಡು ನಾನು ಅಲ್ಲೇ ನೆಲದ ಮೇಲೆ ಕೂತೆ. ಎಂಟು ವರ್ಷದವನಾಗಿದ್ದಾಗ ಹನ್ನೊಂದು ದೋಣಿಗಳಿಗೆ ಒಂದು ಪಾಯಿಂಟು ಕೊಟ್ಟಿದ್ದೆ. ಈಗ ಐವತ್ತರಲ್ಲಿ ಅರವತ್ತನ್ನೂ ಒಟ್ಟಿಗೆ ಮುಳುಗಿಸಿದ್ದೆ. ನನಗೆ ಅಳು ಬಂತು. ಇದನ್ನು ನಗೆಗೆ ಹೇಳುತ್ತಿಲ್ಲ, ನಿಜವಾಗಿ ಬಂತು.

ಅಣ್ಣನಿಗೆ ಹೇಳಲಿಲ್ಲ. ಸೋಮವಾರ ರಜೆ ಹಾಕಿ, ಕಂಪ್ಯೂಟರಿನ ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಭಟ್ಕಳದ ಬಸ್ಸು ಹತ್ತಿದೆ. ಅಂಗಳದಲ್ಲಿ ಸಿಕ್ಕಿದ ಅತ್ತಿಗೆ, "ಎಂತ ಮಾಸ್ತರ್ರೇ ಗೋಣಿಯಲ್ಲಿ?" ಎಂದು ಕೇಳಿದ್ದಕ್ಕೆ ಶಾಲೆಯ ಪುಸ್ತಕ ಎಂದೆ. ಅತ್ತಿಗೆ ಹೊನ್ನಾವರದ ಪೇಟೆಯಲ್ಲಿ ಇಪ್ಪತ್ತೈದು ವರ್ಷ ಮೀನು ಮಾರಿದವಳು. ನನ್ನ ಮುಖವನ್ನು ಒಮ್ಮೆ, ಕಿವಿರು ಎತ್ತಿ ನೋಡುವ ಹಾಗೆ ನೋಡಿ ಒಳಗೆ ಹೋದಳು.

ಭಟ್ಕಳದಲ್ಲಿ ನನಗೆ ಗೊತ್ತಿದ್ದವರು ಮುನೀರ್ ಭಾಯಿ. ಮನೆ ಜಾಲಿ ಎಂಬ ಊರಿನಲ್ಲಿ, ಅಂಗಡಿ ಪೇಟೆಯಲ್ಲಿ. ಸತ್ತ ಕಂಪ್ಯೂಟರುಗಳನ್ನು ಬದುಕಿಸುವುದೇ ಅವರ ಉದ್ಯೋಗ. ನನ್ನ ಗೋಣಿಚೀಲ ಬಿಚ್ಚಿ, ಕಥೆಯೆಲ್ಲ ಕೇಳಿ, "ಅರೇ ಮಾಸ್ತರ್ರೇ, ಪ್ಲಗ್ ಕಿತ್ರಲ್ಲ, ಅದೊಂದೇ ನೀವು ಮಾಡಿದ ಒಳ್ಳೇ ಕೆಲಸ" ಎಂದರು. ಮಧ್ಯಾಹ್ನದವರೆಗೆ ಅದೇನೇನೋ ತಂತ್ರ ಹಾಕಿ ಡಿಸ್ಕನ್ನು ಸೋಸಿದರು. ಅವರ ಮನೆಯಿಂದ ಬಂದ ಬಿರಿಯಾನಿಯಲ್ಲಿ ನನಗೂ ಒಂದು ಪಾಲು ಬಂತು. ಅದು ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸನ್ನಿವೇಶಕ್ಕೆ ಒಪ್ಪುತ್ತಿತ್ತು. ಎರಡು ಸಲ ಹಾಕಿಸಿಕೊಂಡೆ.

"ಬಂತು ನೋಡಿ," ಎಂದರು ಮೂರು ಗಂಟೆಗೆ. "ಪೂರಾ ಬಂತು. ಒಂದು ಚುಕ್ಕಿ ಹೋಗ್ಲಿಲ್ಲ. ನನ್ನ ಹತ್ರ ಒಂದು ಕಾಪಿ ಇಟ್ಕೊಳ್ತೇನೆ, ನಿಮ್ಮ ಕೈ ಮೇಲೆ ನನಗೆ ಭರವಸೆ ಇಲ್ಲ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅಣ್ಣನ ಗುಟ್ಟು ಭಟ್ಕಳದಲ್ಲಿ! ಇವರ ಭಾವ, ಷಡ್ಡಕ ಯಾರದಾದರೂ ಬೋಟು ಇದ್ದರೆ ಏನು ಗತಿ?

"ಬೇಡ ಮುನೀರ್ ಭಾಯ್, ಅಳಿಸಿಬಿಡಿ. ನನ್ನೆದುರೇ ಅಳಿಸಿ."

"ನನಗೆ ಮೀನು ತಿನ್ಲಿಕ್ಕೆ ಗೊತ್ತು ಮಾಸ್ತರ್ರೇ, ಹಿಡೀಲಿಕ್ಕೆ ಗೊತ್ತಿಲ್ಲ," ಎಂದು ನಗುತ್ತ ಅವರು ಒಂದು ಗುಂಡಿ ಒತ್ತಿದರು. "ಹೋಯ್ತು. ಅಳಿಸಿದೆ. ಆಯ್ತಲ್ಲ?"

ಲಿನಕ್ಸನ್ನೂ ಅದರ ಸರಿಯಾದ ಪಾಲಿನಲ್ಲಿ ಅವರೇ ಕೂರಿಸಿಕೊಟ್ಟರು. ಮೊದಲು ಹೇಳಿದೆನಲ್ಲ, ಹತ್ತು ಸೆಕೆಂಡಿನ ಆ ಪಟ್ಟಿ, ಅದು ಅವರ ಕೈವಾಡ. ಶಾಲೆಯಲ್ಲಿ ಮಾತ್ರ ನಾನೇ ಮಾಡಿದ್ದೆಂದು ಹೇಳಿದ್ದೇನೆ. ವಿಜ್ಞಾನದ ಮಾಸ್ತರರು ಅಂದಿನಿಂದ ನನಗೆ ಮೊದಲು ನಮಸ್ಕಾರ ಹೇಳುತ್ತಾರೆ.

ಇಲ್ಲಿಗೆ ನಿಂತಿದ್ದರೆ ಎಲ್ಲವೂ ಸುಖಾಂತವಾಗುತ್ತಿತ್ತು. ಆದರೆ ಮನೆಗೆ ಬಂದ ಮೇಲೆ, ಫೈಲು ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಿಬಿಡೋಣ ಅನಿಸಿತು. ಕಣ್ಣು ಮುಚ್ಚುವ ವ್ರತವನ್ನು ಅಷ್ಟಕ್ಕೆ ಮಾತ್ರ ಮುರಿದೆ. ಹೊಸ ಲಿನಕ್ಸಿನಲ್ಲಿ ನಕಾಶೆ ತೆರೆದು ಪಾಯಿಂಟುಗಳನ್ನು ಅದರ ಮೇಲೆ ಬಿಟ್ಟೆ. ಅರವತ್ತು ಚಿಲ್ಲರೆ ಕೆಂಪು ಚುಕ್ಕೆಗಳು ಪಟಪಟನೆ ಬಂದು ಕೂತವು. ಸಮುದ್ರದಲ್ಲಿ ಒಂದೂ ಇರಲಿಲ್ಲ.

ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಚುಕ್ಕೆ ಇತ್ತು, 'ಬಂಗಡೆ ದೊಡ್ಡದು' ಎಂಬ ಹೆಸರಿನಲ್ಲಿ. ಕತಗಾಲದ ಒಂದು ತೋಟದ ನಡುವೆ 'ಪಾಂಪ್ಲೆಟ್' ಮೀನು ಇತ್ತು. ಗೇರುಸೊಪ್ಪೆಯ ಅಣೆಕಟ್ಟಿನ ಬುಡದಲ್ಲಿ ಪೇಟೆಯ ಅತಿ ದುಬಾರಿ ಮೀನು, 'ಇಸವಾಣ, ನವೆಂಬರ್'. ಇವೆಲ್ಲ ಹೋಗಲಿ, ಕುಮಟೆಯಲ್ಲಿ ನನ್ನ ಸ್ವಂತ ಶಾಲೆಯ ಮೇಲೇ ಒಂದು ಚುಕ್ಕೆ ಕೂತಿತ್ತು. ದೊಡ್ಡದು ಮಾಡಿ ನೋಡಿದರೆ ಅದು ಹೆಡ್‌ಮಾಸ್ತರರ ಕೋಣೆ. ಹೆಸರು: 'ಕೆಟ್ಟ ಕಲ್ಲು, ಹತ್ರ ಹೋಗಬೇಡ'.

ಕೊನೆಯದು ಎಷ್ಟೇ ನಿಜವಾಗಿದ್ದರೂ ಇಡೀ ಪಟ್ಟಿ ಕೆಟ್ಟುಹೋಗಿದೆ ಎಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ. ಡಿಸ್ಕು ಸೋಸುವಾಗ ಅಂಕೆಗಳು ಅಡ್ಡಾದಿಡ್ಡಿಯಾಗಿವೆ! ಮುನೀರ್ ಭಾಯಿಗೆ ಫೋನ್ ಮಾಡಿದರೆ, "ಫೈಲ್ ಬಿಲ್ಕುಲ್ ಸರಿ ಉಂಟು ಮಾಸ್ತರ್ರೇ. ನಿಮ್ಮ ಅಣ್ಣ ಬೋಟ್ ಬಿಟ್ಟು ಬಸ್ ಹತ್ತಿದ್ರೋ ಏನೋ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮಾಸ್ತರನ ಕಣ್ಣಿಗೆ ತಪ್ಪು ಬಿದ್ದರೆ ಅವನು ಸುಮ್ಮನೆ ಕೂರುವುದುಂಟೇ? ಮೂರು ದಿನ, ಶಾಲೆಯಿಂದ ಬಂದವನು ಚಾ ಕುಡಿದು ಅದೇ ಕೆಲಸಕ್ಕೆ ಕೂತೆ. ಒಂದೊಂದೇ ಚುಕ್ಕೆಯನ್ನು ಹಿಡಿದು ಪಶ್ಚಿಮಕ್ಕೆ ಎಳೆದೆ. ಬಸ್‌ಸ್ಟ್ಯಾಂಡಿನ ಬಂಗಡೆಯನ್ನು ಅಳಿವೆಯ ಆಚೆ ಬಿಟ್ಟೆ. ಗೇರುಸೊಪ್ಪೆಯ ಇಸವಾಣವನ್ನು ಹೊಳೆಗುಂಟ ಇಳಿಸಿ ಕಡಲು ಮುಟ್ಟಿಸಿದೆ. ಹೆಡ್‌ಮಾಸ್ತರರ ಕೋಣೆಯ ಕಲ್ಲನ್ನು ಸಾಕಷ್ಟು ದೂರದ ನೀರಿನಲ್ಲಿ ಮುಳುಗಿಸುವಾಗ ಸ್ವಲ್ಪ ಸಂತೋಷವೂ ಆಯಿತು. ಎಷ್ಟು ದೂರಕ್ಕೆ ಎಂಬುದಕ್ಕೆ ಆಧಾರವೇನೂ ಇರಲಿಲ್ಲ, ಎಲ್ಲ ನನ್ನ ಅಂದಾಜು. ಪರೀಕ್ಷೆಯಲ್ಲಿ ಪಾಸಾಗದ ಮಕ್ಕಳನ್ನು ಮೂರು ಅಂಕ ಕೊಟ್ಟು ದಡ ಸೇರಿಸಿ ಅಭ್ಯಾಸವಾದ ಕೈ. ಇವರನ್ನು ದಡದಿಂದ ನೀರಿಗೆ ಸೇರಿಸಿದೆ, ಅಷ್ಟೇ ವ್ಯತ್ಯಾಸ. ಮುಗಿದ ಮೇಲೆ ಹಳೆ ಪಟ್ಟಿಯ ಮೇಲೆಯೇ ಹೊಸದನ್ನು ಉಳಿಸಿ, ಅಣ್ಣನನ್ನು ಕಾಪಾಡಿದ ತೃಪ್ತಿಯಲ್ಲಿ ಮಲಗಿದೆ.

ಬಂದ್ ಮುಗಿಯುವ ಹಿಂದಿನ ದಿನ ಮಧ್ಯಾಹ್ನ ಅಣ್ಣ ಪೆಟ್ಟಿಗೆ ಹಿಡಿದುಕೊಂಡು ಬಂದ. ಹಿಂದೆಯೇ ಅತ್ತಿಗೆ ಒಣಮೀನಿನ ಬುಟ್ಟಿ ತಂದು ನಮ್ಮ ಜಗಲಿಯ ಬಾಗಿಲಲ್ಲಿ ಆರಿಸುತ್ತ ಕೂತಳು. ಬೆಳಗಾದರೆ ವರ್ಷದ ಮೊದಲ ಕಡಲು. ಹೊಸ ಬಲೆ ಹೇರಿ ಆಗಿತ್ತು, ಬೋಟಿನ ಕೆಲಸಕ್ಕೆ ಎಂಟು ಜನ ಖಲಾಸಿಗಳು ಬಂದಾಗಿತ್ತು. ನಾನು ಹಳೇ ವಿಂಡೋಸ್ ಆರಿಸಿ, ಒಂಬತ್ತು ಮೊಳೆಯ ಕೇಬಲ್ಲು ಚುಚ್ಚಿ ಪಾಯಿಂಟುಗಳನ್ನು ಪೆಟ್ಟಿಗೆಗೆ ಏರಿಸಿದೆ. ಅಣ್ಣ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಅಂಕೆ ನೋಡಿದ. ತುಟಿ ಅಲ್ಲಾಡಿತು. ಬೆರಳು ಮಡಚಿ ಏನೋ ಎಣಿಸಿದ. ಇನ್ನೊಂದು ನೋಡಿದ, ಮತ್ತೆ ಎಣಿಸಿದ. ಅವನ ಮುಖ ಕಪ್ಪಾಯಿತು.

"ಇದನ್ನ ಯಾರು ಮುಟ್ಟಿದ್ದು?"

"ಯಾಕೆ ಅಣ್ಣಾ, ಎಂತ ಆತು?"

"ಎಂತ ಆತು? ಇಲ್ಲಿ ಬಲೆ ಬಿಟ್ರೆ ಮೀನಲ್ಲ ಮಾರಾಯಾ, ಖರ್ಜೂರ ಸಿಗ್ತದೆ. ಇದು ಅರಬಸ್ತಾನದ ದಾರಿ!"

ನಾನು ಎಲ್ಲವನ್ನೂ ಹೇಳಿಬಿಟ್ಟೆ. ಅಳಿಸಿದ್ದು, ಗೋಣಿಚೀಲ, ಭಟ್ಕಳ, ನಕಾಶೆ, ಬಸ್‌ಸ್ಟ್ಯಾಂಡು, ಹೆಡ್‌ಮಾಸ್ತರರ ಕೋಣೆ, ಮೂರು ದಿನ ಕೂತು ತಿದ್ದಿದ್ದು. ಬಿರಿಯಾನಿಯನ್ನು ಮಾತ್ರ ಬಿಟ್ಟೆ. ಅಣ್ಣ ತಲೆ ತಗ್ಗಿಸಿ ಕೇಳಿದ. ಅವನ ಭುಜ ಅಲುಗಿದ್ದನ್ನು ನೋಡಿ ಅಳುತ್ತಿದ್ದಾನೆ ಎಂದುಕೊಂಡೆ. ಮುಖ ಎತ್ತಿದಾಗ ನೋಡಿದರೆ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದ.

"ತಪ್ಪೇ ಇರ್ಬೇಕಾದ್ದನ್ನ ತಿದ್ದಿ ಇಟ್ಯಲ್ಲೋ! ಖಲಾಸಿಗಳು ಈ ವರ್ಷ ನನ್ನ ಬೋಟಲ್ಲಿ, ಬರೂ ವರ್ಷ ಇನ್ನೊಬ್ನ ಬೋಟಲ್ಲಿ. ಡಬ್ಬಿ ಎಲ್ಲರ ಕಣ್ಣೆದುರೇ ಇರ್ತದೆ. ಅದರಲ್ಲಿ ಯಾರಾದ್ರೂ ನಿಜ ಬರೀತಾರಾ? ಪೂರ್ವದ ಅಂಕೆಗೆ ಇಷ್ಟು ಅಂತ ಕೂಡ್ಸಿ ಇಡೂದು, ಕಡಲಲ್ಲಿ ಮನಸ್ಸಲ್ಲೇ ಕಳ್ದು ಹೋಗೂದು. ಎಲ್ಲಾ ಪಾಯಿಂಟೂ ಗುಡ್ಡ ಹತ್ತಿ ಕೂತಿರ್ತವೆ, ಕದ್ದವ ಬೋಟು ತಕ್ಕೊಂಡು ಕತಗಾಲಕ್ಕೆ ಹೋಗ್ಲಿ!"

ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನೆಟ್ಟಗೆ ಹೇಳುತ್ತೇನೆ, ಬೇಜಾರಾಯಿತು. ಇಷ್ಟು ವರ್ಷ ನಾನು ಕಣ್ಣು ಮುಚ್ಚಿ ಕಾದದ್ದು ಗುಟ್ಟನ್ನಲ್ಲ, ಒಂದು ರಾಶಿ ಸುಳ್ಳನ್ನು.

"ಅಂದ್ರೆ ನನಗೂ ಸುಳ್ಳೇ ಕೊಟ್ಟಿದ್ಯಾ ಅಣ್ಣಾ?" ಎಂದೆ. ಧ್ವನಿ ಎಂಟು ವರ್ಷದವನದ್ದಾಗಿತ್ತು.

ಅಣ್ಣನ ನಗು ನಿಂತಿತು. "ನಿನಗಲ್ಲ ತಮಾ, ಡಬ್ಬಿಗೆ. ಡಬ್ಬಿ ಯಾವ ಊರು ಸುತ್ತಿ ಬರ್ತದೆ ಅಂತ ಯಾರಿಗೆ ಗೊತ್ತು? ನಿನ್ನ ಡಬ್ಬಿಯೇ ಭಟ್ಕಳಕ್ಕೆ ಹೋಗಿ ಬಂತೋ ಇಲ್ವೋ?"

ಅಷ್ಟರಲ್ಲಿ ಅವನಿಗೇ ಮುಖ್ಯ ಸಂಗತಿ ಹೊಳೆಯಿತು. ತಿದ್ದಿದ ಮೇಲೆ ಹಳೆಯ ಪಟ್ಟಿ ಎಲ್ಲೂ ಉಳಿದಿರಲಿಲ್ಲ. ಹತ್ತಿಪ್ಪತ್ತು ಪಾಯಿಂಟು ಅವನಿಗೆ ಬಾಯಿಪಾಠ, ಮಿಕ್ಕವು ಇಲ್ಲ. ಕಲ್ಲುಗಳಂತೂ ಇಲ್ಲವೇ ಇಲ್ಲ. ಬೆಳಗಾದರೆ ಹೊಸ ಬಲೆ ಕಡಲಿಗೆ ಬೀಳಬೇಕು. ಅಣ್ಣ ಬಾಗಿಲ ಆಚೆ ನೋಡುತ್ತ ಕೂತ. ಬೈದಿದ್ದರೆ ಒಳ್ಳೆಯದಿತ್ತು. ಅಜ್ಜನ ಎಂಟು ದಿನದ ಮೌನ ಹೇಗೆ ಶುರುವಾಗಿತ್ತು ಎಂಬುದು ನನಗೆ ಚೆನ್ನಾಗಿ ನೆನಪಿದೆ.

ನಾನು ಆಸೆಯಿಲ್ಲದೆಯೇ ಭಟ್ಕಳಕ್ಕೆ ಫೋನ್ ಹಚ್ಚಿದೆ. "ಮುನೀರ್ ಭಾಯ್, ಅವತ್ತು ಆ ಫೈಲು... ಅಳಿಸಿದ್ರಿ ಅಲ್ವಾ?"

"ಅಳಿಸಿದೆ ಅಂತ ಹೇಳಿದ್ದೆ ಮಾಸ್ತರ್ರೇ," ಎಂದರು. "ಹೇಳಿದ್ದು, ಅಷ್ಟೇ. ನಿಮ್ಮ ಕೈ ಮೇಲೆ ಭರವಸೆ ಇರ್ಲಿಲ್ಲ ಅಂದ್ನಲ್ಲ. ಈಗ ಕಳಿಸ್ಲಾ?"

ಫೋನನ್ನು ನಾನು ಎಲ್ಲರಿಗೂ ಕೇಳುವ ಹಾಗೆ ಇಟ್ಟಿದ್ದೆ. ಅಣ್ಣ ಅದನ್ನೇ ಕೈಗೆ ತೆಗೆದುಕೊಂಡು, "ಭಾಯ್, ನೀವು ತಾಂಡೇಲ ಆಗ್ಬೇಕಿತ್ತು" ಎಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಹತ್ತು ನಿಮಿಷದಲ್ಲಿ ಪಟ್ಟಿ ಬಂತು. ಬಂಗಡೆ ಮತ್ತೆ ಬಸ್‌ಸ್ಟ್ಯಾಂಡಿನಲ್ಲಿ ಕೂತಿತು, ಕಲ್ಲು ಹೆಡ್‌ಮಾಸ್ತರರ ಕೋಣೆಗೆ ಮರಳಿತು. ಲೋಕ ಸರಿಹೋಯಿತು.

ಪೆಟ್ಟಿಗೆಯನ್ನು ಸೀರೆಯಲ್ಲಿ ಸುತ್ತಿ ಎದ್ದ ಅಣ್ಣ ಬಾಗಿಲವರೆಗೆ ಹೋದವನು ತಿರುಗಿ ಬಂದ. ಅತ್ತಿತ್ತ ನೋಡಿ, ಬಗ್ಗಿ ನನ್ನ ಕಿವಿಯಲ್ಲಿ ಹೇಳಿದ: "ಇಪ್ಪತ್ತೆರಡು."

"ಎಂತ ಇಪ್ಪತ್ತೆರಡು?"

"ಪೂರ್ವದ ಅಂಕೆಯಿಂದ ಕಳೀಬೇಕಾದ್ದು. ನಾನು ಮೊದಲ ಸಲ ಬೋಟಿನ ಚಕ್ರ ಹಿಡ್ದಾಗ ನನಗೆ ಅಷ್ಟು ವರ್ಷ. ನನಗೆ ಕಡಲಲ್ಲಿ ಏನಾದ್ರೂ ಆದ್ರೆ ಒಬ್ಬರಿಗಾದ್ರೂ ಗೊತ್ತಿರ್ಬೇಕಲ್ಲ. ನಿನ್ನ ಅತ್ತಿಗೆಗೂ ಹೇಳ್ಲಿಲ್ಲ ನಾನು."

"ನನಗೆ ಡಬ್ಬಿ ತಂದ ವರ್ಷದಿಂದಲೇ ಗೊತ್ತುಂಟು," ಎಂದಳು ಬಾಗಿಲಲ್ಲಿದ್ದ ಅತ್ತಿಗೆ, ಒಣಮೀನಿನಿಂದ ತಲೆ ಎತ್ತದೆ. "ನಿದ್ರೆಯಲ್ಲಿ ಗಟ್ಟಿಯಾಗಿ ಕಳೀತೀರಿ."

ಬೋಟು ಹೋಯಿತು, ಮೂರನೆಯ ದಿನ ಬಂತು. ನಾನು ಶಾಲೆಗೆ ಹೊರಟವನು ಬಂದರಿನ ದಾರಿಯಲ್ಲೇ ಇಳಿದುಕೊಂಡೆ. ಬೋಟು ಎಷ್ಟು ತಗ್ಗಿ ಬರುತ್ತಿತ್ತೆಂದು ನಾನು ಹೇಳುವುದಿಲ್ಲ. ಪಕ್ಕದ ಬೋಟಿನ ಒಬ್ಬರು ನನ್ನ ಹೆಗಲ ಮೇಲೆ ಕೈ ಹಾಕಿ, ಪ್ರೀತಿಯಿಂದ, "ಮಾಸ್ತರ್ರೇ, ನೀವು ಓದಿದವ್ರು, ನಿಮ್ಮ ಹತ್ರ ಕೇಳ್ಬಹುದು. ಎಲ್ಲಿ ಬಿಟ್ಟಿದ್ನಂತೆ ನಿಮ್ಮಣ್ಣ?" ಎಂದು ಕೇಳಿದರು. ನಲವತ್ತೆರಡು ವರ್ಷಗಳ ಮೇಲೆ, ಹೆಚ್ಚು ಕಡಿಮೆ ಅದೇ ಜಾಗದಲ್ಲಿ, ಅದೇ ಪ್ರಶ್ನೆ. ಗಲ್ಲ ಹಿಂಡಲಿಲ್ಲ, ಅಷ್ಟೇ.

"ಎಂತ ಇಲ್ಲ ಮಾರಾಯ್ರೆ, ಬರೇ ಕಸ," ಎಂದೆ. "ಮುರುಡೇಶ್ವರದ ಆಚೆ ಸುಮ್ನೆ ತಿರುಗಿ ಬಂದ ಕಾಣ್ತದೆ." ಹೇಳಿ, ದಕ್ಷಿಣಕ್ಕೆ ಕೈ ತೋರಿಸಿದೆ. ಬೋಟಿನ ಮೇಲಿಂದ ಅಣ್ಣ ಕೇಳಿಸಿಕೊಂಡ. ಆ ದಿನ ನಮ್ಮ ಮನೆಗೆ ಬಂದ ಕಸದ ಪಾಲಿನಲ್ಲಿ ಎರಡು ಇಸವಾಣ ಇದ್ದವು.

ಓದುಗ ಮಹಾಶಯರೇ, ನಿಮ್ಮಲ್ಲಿ ಒಬ್ಬಿಬ್ಬರ ಹತ್ತಿರವಾದರೂ ಬೋಟು ಇರುತ್ತದೆ, ಇಲ್ಲವೇ ಬೋಟಿರುವ ಭಾವ ಇರುತ್ತಾನೆ. ಹೊನ್ನಾವರದ ಬಸ್‌ಸ್ಟ್ಯಾಂಡಿನಿಂದ ಇಪ್ಪತ್ತೆರಡು ಕಳೆದರೆ ಎಲ್ಲಿಗೆ ಬರುತ್ತದೆ ಎಂದು ಈಗಾಗಲೇ ನೀವು ನಕಾಶೆ ತೆರೆದು ಲೆಕ್ಕ ಹಾಕುತ್ತಿರಬಹುದು. ಅಲ್ಲಿಗೆ ಹೋಗಿ ಬಲೆ ಹರಿದುಕೊಂಡು ಬಂದು ನನ್ನನ್ನು ಬೈಯಬೇಡಿ. ಅದು ಬಸ್‌ಸ್ಟ್ಯಾಂಡು ಅಲ್ಲ. ಇಪ್ಪತ್ತೆರಡೂ ಅಲ್ಲ. ಅಜ್ಜಾ, ಕೇಳಿಸಿತೇ? ಈಗಲಾದರೂ ದೋಣಿಯಲ್ಲಿ ಒಂದಿಷ್ಟು ಸರಿದು ಕೂತುಕೊಳ್ಳಿ.